ಬ್ರೆಡ್ಡಿನ ಮೇಲೊಂದು ಕಪ್ಪು ಲೇಪ

ಇಂಗ್ಲೆಂಡಿನ ಅನೇಕ ಮನೆಗಳಲ್ಲಿ ಬೆಳಗಿನ ಉಪಾಹಾರದ ಮೇಜಿನ ಮೇಲೆ ಡೊಳ್ಳು ಹೊಟ್ಟೆಯ ಒಂದು ಸೀಸೆ ಇರುತ್ತದೆ. ಮುಚ್ಚಳ ತೆಗೆದರೆ ಗಾಡಿಯ ಕೀಲೆಣ್ಣೆಯಂಥ ಕಪ್ಪು ಅಂಟು. ಅದೇ ಮಾರ್ಮೈಟ್. ಆಸ್ಟ್ರೇಲಿಯದವರಿಗೆ ಇಂಥದೇ ವೆಜಿಮೈಟ್ ಇದೆ. ಮೆಲ್ಬರ್ನಿನ ರಸಾಯನ ವಿಜ್ಞಾನಿ ಸಿರಿಲ್ ಕ್ಯಾಲಿಸ್ಟರ್ ತಯಾರಿಸಿದ ಅದು 1923ರಲ್ಲಿ ಅಂಗಡಿಗೆ ಬಂತು.

ಮೊದಲ ಸಲ ತಿನ್ನುವವರು ಜಾಮಿನಂತೆ ದಪ್ಪಗೆ ಬಳಿದುಕೊಂಡು ಮುಖ ಕಿವುಚುತ್ತಾರೆ. ನಾವು ಉಪ್ಪಿನಕಾಯಿಯನ್ನು ಪಲ್ಯದಂತೆ ತಿನ್ನುತ್ತೇವೆಯೆ? ಬ್ರೆಡ್ಡಿನ ಹೋಳನ್ನು ಹೊಂಬಣ್ಣ ಬರುವವರೆಗೆ ಸುಡಬೇಕು. ಆ ಬಣ್ಣ, ಆ ಘಮ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕಾವಿನಲ್ಲಿ ಕೂಡಿದ್ದರ ಫಲ. ಫ್ರಾನ್ಸಿನ ಮೈಲಾರ್ಡ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ದೋಸೆ ಕೆಂಪಾಗುವುದೂ ಇದರಿಂದಲೇ. ಬಿಸಿ ಆರುವ ಮೊದಲು ಬೆಣ್ಣೆ ಸವರಿ, ಅದು ಕರಗಿದ ಮೇಲೆ ಕಾಲು ಚಮಚದಷ್ಟು ಲೇಪವನ್ನು ಬ್ರೆಡ್ಡು ಅಲ್ಲಲ್ಲಿ ಕಾಣುವಂತೆ ತೆಳ್ಳಗೆ ಎಳೆಯಬೇಕು. ಬೆಣ್ಣೆಯ ಜಿಡ್ಡು ಉಪ್ಪಿನ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ರಕ್ತದೊತ್ತಡವಿರುವ ಅಜ್ಜಂದಿರು ಮಾತ್ರ ದೂರವಿರುವುದು ಲೇಸು.

ಇಷ್ಟಕ್ಕೂ ಇದು ಏನು? ಬಿಯರ್ ತಯಾರಿಕೆಯಲ್ಲಿ ಮಿಕ್ಕ ಯೀಸ್ಟ್! ಅದೇ ಕಾರಣಕ್ಕೆ 1902ರಲ್ಲಿ ಮಾರ್ಮೈಟ್ ಕಂಪೆನಿ ಹುಟ್ಟಿದ್ದು ಬಿಯರಿಗೆ ಹೆಸರಾದ ಬರ್ಟನ್ ಊರಿನಲ್ಲಿ. ಯೀಸ್ಟ್ ಒಂದೇ ಕೋಶದ ಶಿಲೀಂಧ್ರ. ಅದಕ್ಕೆ ಉಪ್ಪು ಬೆರೆಸಿ ಹದವಾಗಿ ಬಿಸಿ ಮಾಡಿದರೆ ಕೋಶ ಸಾಯುತ್ತದೆ. ಆದರೆ ಒಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ. ತಾವಿದ್ದ ಮನೆಯನ್ನೇ ಜೀರ್ಣಿಸತೊಡಗುತ್ತವೆ. ಪ್ರೋಟೀನು ಒಡೆದು ಅಮೈನೊ ಆಮ್ಲಗಳಾಗುತ್ತದೆ. ಅವುಗಳಲ್ಲೊಂದಾದ ಗ್ಲುಟಾಮಿಕ್ ಆಮ್ಲವೇ ಮಾಂಸದ ಸಾರನ್ನು ನೆನಪಿಸುವ ಆ ರುಚಿಗೆ ಕಾರಣ. ಸಿಪ್ಪೆ ಸೋಸಿ ನೀರಿಂಗಿಸಿದರೆ ಲೇಪ ಸಿದ್ಧ. ಇದರಲ್ಲಿ ಮಾಂಸವಿಲ್ಲ. ಬಿಯರಿನ ಹೆಸರು ಕೇಳಿ ಪೋಷಕರು ಗಾಬರಿಯಾಗಬೇಕಿಲ್ಲ, ಅಮಲೇರಿಸುವಂಥದ್ದೂ ಇಲ್ಲ.

ಈ ಸೀಸೆಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಿನಲ್ಲಿ ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ರಕ್ತದಲ್ಲಿ ಕೆಂಪು ಕಣಗಳು ಕಡಿಮೆ. ಇದ್ದವೂ ಅಸಹಜವಾಗಿ ಊದಿಕೊಂಡವು. ಸೋಂಕೇ ಎಂದು ಹುಡುಕಿದರೆ ಯಾವ ಕ್ರಿಮಿಯೂ ಸಿಗಲಿಲ್ಲ. ವಿಲ್ಸರ ಕಣ್ಣು ಅವರ ಊಟದ ತಟ್ಟೆಯ ಮೇಲೆ ಬಿತ್ತು. ಹಣ್ಣು, ತರಕಾರಿ ಅದರಲ್ಲಿ ಅಪರೂಪ. ಎ ಮತ್ತು ಸಿ ಜೀವಸತ್ವ ಕೊಟ್ಟು ನೋಡಿದರು, ಗುಣವಾಗಲಿಲ್ಲ. ಕೋತಿಗಳ ಮೇಲೂ ಪ್ರಯೋಗ ನಡೆಸಿದರು. ಕೊನೆಗೆ ಗುಣ ಕಂಡದ್ದು ಅಗ್ಗದ ಮಾರ್ಮೈಟಿನಿಂದ! ಕೆಲವೇ ದಿನಗಳಲ್ಲಿ ಗರ್ಭಿಣಿಯರ ರಕ್ತ ಸುಧಾರಿಸತೊಡಗಿತು. 1931ರಲ್ಲಿ ಫಲಿತಾಂಶ ಪ್ರಕಟವಾಯಿತು. ಗುಣಪಡಿಸಿದ ವಸ್ತು ಯಾವುದೆಂದು ಆಗ ಯಾರಿಗೂ ತಿಳಿಯದು. 'ವಿಲ್ಸ್ ಅಂಶ' ಎಂದೇ ಕರೆದರು.

ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಆ ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಎಲೆಗೆ 'ಫೋಲಿಯಂ' ಎನ್ನುವುದರಿಂದ ಅದು ಫೋಲಿಕ್ ಆಮ್ಲವಾಯಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕಬ್ಬಿಣದೊಡನೆ ಕೊಡುವ ಮಾತ್ರೆಯಲ್ಲಿರುವುದು ಇದೇ. ಮಗುವಿನ ಬೆನ್ನುಹುರಿಯ ಕೆಲವು ಜನ್ಮದೋಷಗಳನ್ನೂ ಇದು ತಡೆಯುತ್ತದೆಂದು 1991ರಲ್ಲಿ ಖಚಿತವಾಯಿತು.

ಆಮದಿನ ಸೀಸೆಯನ್ನು ಹುಡುಕಿಕೊಂಡು ಯಾರೂ ಪೇಟೆ ಅಲೆಯಬೇಕಿಲ್ಲ. ಇದೇ ಸತ್ವ ಸೊಪ್ಪುಗಳಲ್ಲಿದೆ, ಹೆಸರುಕಾಳಿನಲ್ಲಿದೆ, ಕಡಲೆಯಲ್ಲಿದೆ. ತೊಂದರೆಯೆಂದರೆ ಸೊಪ್ಪು ಬೇಯಿಸುವಾಗ ಒಂದಷ್ಟು ಶಾಖಕ್ಕೆ ಹಾಳಾಗುತ್ತದೆ, ಇನ್ನೊಂದಷ್ಟು ನೀರಿಗಿಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಸತ್ವ ಮೋರಿಯ ಪಾಲು. ಬಸ್ಸಾರು ಮಾಡುವ ಮನೆಗಳಲ್ಲಿ ಅದು ಮಕ್ಕಳ ತಟ್ಟೆಗೇ ಬರುತ್ತದೆ.