ವನಭೋಜನದ ಜಾಗದಲ್ಲೊಂದು ಊರಿತ್ತು

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ವನಭೋಜನವು ಆಕ್ಲೆಂಡಿನ ಓಕಾಹು ಕೊಲ್ಲಿಯ ಹುಲ್ಲುಹಾಸಿನ ಮೇಲೆ ನಡೆದುದು ಸದಸ್ಯ ಬಂಧುಗಳಿಗೆ ನೆನಪಿರಬಹುದು. ಪುಳಿಯೋಗರೆ ಸಾಲದೇ ಬಂದದ್ದು, ಮೊಸರನ್ನ ಮಿಕ್ಕಿದ್ದು, ಕಡಲಹಕ್ಕಿಗಳೊಡನೆ ಕಾರ್ಯದರ್ಶಿಗಳು ನಡೆಸಿದ ಕಾಳಗ, ಇವೆಲ್ಲ ಹಿಂದಿನ ಸಂಚಿಕೆಯಲ್ಲೇ ವರದಿಯಾಗಿವೆ. ನಾವು ಹೇಳಹೊರಟಿರುವುದು ಬೇರೆ ಸಂಗತಿ.

ಊಟವಾದ ಮೇಲೆ ಮಕ್ಕಳು ಚೆಂಡಾಡುತ್ತ ಮೈದಾನದ ಅಂಚಿನವರೆಗೆ ಹೋಗಿದ್ದರು. ಅಲ್ಲೊಂದು ಪುಟ್ಟ ಪ್ರಾರ್ಥನಾಮಂದಿರ, ಪಕ್ಕದಲ್ಲಿ ಸಮಾಧಿಗಳು. ಚೆಂಡು ಒಳಕ್ಕೆ ಹೋದಾಗ ನಮ್ಮ ಒಂಬತ್ತು ವರ್ಷದ ಮಗಳು ಉಳಿದವರನ್ನು ತಡೆದಳಂತೆ. ಆಮೇಲೆ ನಮ್ಮ ಬಳಿಗೆ ಬಂದು, "ಅಪ್ಪಾ, ಇಲ್ಲಿ ಒಂದು ಊರಿತ್ತು, ಸುಟ್ಟುಬಿಟ್ಟರು. ಸ್ಕೂಲಲ್ಲಿ ಹೇಳಿದ್ದಾರೆ. ನಿಂಗೆ ಗೊತ್ತಿಲ್ವಾ?" ಎಂದಳು. ಗೊತ್ತಿರಲಿಲ್ಲ. ಇದೇ ಊರಿನಲ್ಲಿ ಸಂಶೋಧನೆ ಮಾಡಿ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸಿಕೊಂಡವರು ನಾವು. ಚಾಪೆ ಹಾಸಿ ಕೂತ ನೆಲದ ವಿಷಯ ಮಾತ್ರ ತಿಳಿದಿರಲಿಲ್ಲ.

ಪಕ್ಕದಲ್ಲೇ ಕುಳಿತಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು, "ನಮಗೇಕಪ್ಪ ಆ ಉಸಾಬರಿ? ಬಾಡಿಗೆಗೆ ಬಂದವರ ಹಾಗೆ ತೆಪ್ಪಗಿರೋಣ" ಎಂದರು. ಅವರ ಮೇಲೆ ನಮಗೆ ಗೌರವವಿದೆ. ಆದರೆ ಆ ಮಾತು ಮನೆಗೆ ಬಂದಮೇಲೂ ಬಿಡಲಿಲ್ಲ. ವೈತಾಂಗಿ ನ್ಯಾಯಮಂಡಳಿಯ 1987ರ ಓರಾಕೇಯಿ ವರದಿಯನ್ನು ತರಿಸಿಕೊಂಡು ಓದಿದೆವು.

ಕ ಖ ಗ ಘ ಙ ಎಂದು ಒಂದನೆಯ ತರಗತಿಯಲ್ಲಿ ತಿದ್ದಿ, ಆಮೇಲೆ ಜೀವಮಾನದಲ್ಲಿ ಬಳಸದೆ ಬಿಟ್ಟ ಙ ಅಕ್ಷರಕ್ಕೆ ಕೊನೆಗೂ ಇಲ್ಲಿ ಕೆಲಸ ಸಿಕ್ಕಿತು. ಆ ಊರಿನವರು ಙಾತಿ ಫಾತುವಾ ಎಂಬ ಮಾವೋರಿ ಕುಲದವರು. 1840ರಲ್ಲಿ ಗವರ್ನರ್ ಹಾಬ್ಸನ್‌ನನ್ನು ತಮ್ಮಲ್ಲಿಗೆ ಕರೆದು, ರಾಜಧಾನಿ ಕಟ್ಟಿಕೊಳ್ಳಲು ಸುಮಾರು 3000 ಎಕರೆ ಬಿಟ್ಟುಕೊಟ್ಟವರು ಇವರೇ. ಆಕ್ಲೆಂಡ್ ನಗರ ಹುಟ್ಟಿದ್ದು ಅಲ್ಲಿ. ಮುಂದೆ ಅವರ ಕೈಯಲ್ಲಿ ಉಳಿದದ್ದು ಓರಾಕೇಯಿಯ ಸುಮಾರು 700 ಎಕರೆ. ಅದನ್ನು ಪರಭಾರೆ ಮಾಡಕೂಡದೆಂದು ನ್ಯಾಯಾಲಯವೇ ವಿಧಿಸಿತ್ತು. ಆದರೂ 1886ರಲ್ಲಿ ರಷ್ಯದವರು ದಂಡೆತ್ತಿ ಬಂದಾರೆಂಬ ಭಯದಿಂದ ಗುಡ್ಡದ ತುದಿಯ 13 ಎಕರೆ ರಕ್ಷಣೆಗೆಂದು ಹೋಯಿತು. ರಷ್ಯದವರು ಬರಲಿಲ್ಲ, ಭೂಮಿಯೂ ಹಿಂದಕ್ಕೆ ಬರಲಿಲ್ಲ. ಕುಲಕ್ಕೆ ಒಟ್ಟಾಗಿ ಸೇರಿದ್ದ ನೆಲವನ್ನು 1898ರಿಂದ ತಲೆಗಿಷ್ಟು ಎಂದು ಹಂಚಿದರು. ಆಮೇಲೆ ಸರ್ಕಾರವೇ ಒಬ್ಬೊಬ್ಬರಿಂದ ಕೊಂಡುಕೊಳ್ಳುತ್ತ ಹೋಯಿತು. ಅವಿಭಕ್ತ ಕುಟುಂಬದ ಪಾಲುಪಟ್ಟಿ ಕಂಡವರಿಗೆ ಇದರ ಪರಿಣಾಮ ವಿವರಿಸಬೇಕಾಗಿಲ್ಲ.

ನಾವು ವೃತ್ತಿಯಿಂದ ರಸಾಯನಶಾಸ್ತ್ರದವರಾದ್ದರಿಂದಲೋ ಏನೋ, ವರದಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಕೊಳವೆ. ಆಕ್ಲೆಂಡ್ ನಗರದ ಕೊಳಚೆಯನ್ನು ಸಮುದ್ರಕ್ಕೆ ಬಿಡಲು ಹಾಕಿದ ಈ ಭಾರಿ ಕೊಳವೆ ಓಕಾಹು ಕೊಲ್ಲಿಯ ದಂಡೆಯ ಮೇಲೆ, ಊರಿನ ಮುಂಬಾಗಿಲಿಗೆ ಅಡ್ಡಲಾಗಿ ಹಾದುಹೋಯಿತು. 1914ರಿಂದ ಅದರಲ್ಲಿ ಇಡೀ ನಗರದ ಮಲಮೂತ್ರ ಯಾವ ಸಂಸ್ಕರಣೆಯೂ ಇಲ್ಲದೆ ಹರಿದು ಹತ್ತಿರದಲ್ಲೇ ಕಡಲಿಗೆ ಬೀಳತೊಡಗಿತು. ಮಾಂಗೆರೆಯ ಶುದ್ಧೀಕರಣ ಘಟಕ ಆರಂಭವಾದದ್ದು 1960ರಲ್ಲಿ. ನಡುವಣ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು.

ಇದರಿಂದ ಆದದ್ದು ಎರಡು. ಮೊದಲನೆಯದು ಚಿಪ್ಪುಜೀವಿಗಳ ಕಥೆ. ಮಂಗಳೂರಿನ ಕಡೆಯವರು ಮರುವಾಯಿ ಎನ್ನುವಂಥ ಈ ಜೀವಿಗಳು ಊರಿನವರ ಮುಖ್ಯ ಆಹಾರವಾಗಿದ್ದವು. ಇವು ನೀರನ್ನು ಸೋಸಿ ಸೋಸಿ ಬದುಕುವಂಥವು, ನೀರಿನಲ್ಲಿ ಇರುವ ರೋಗಾಣುಗಳನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ನೀರಿಗಿಂತ ಎಷ್ಟೋ ಪಾಲು ಹೆಚ್ಚು ವಿಷ ಅವುಗಳ ಮಾಂಸದಲ್ಲಿ ಸೇರುತ್ತದೆ. ಎರಡನೆಯದು, ಕೊಳವೆಯ ಏರಿ ಊರಿಗೂ ಸಮುದ್ರಕ್ಕೂ ನಡುವೆ ಒಡ್ಡಿನಂತೆ ನಿಂತು, ಮಳೆಯ ನೀರು ಹರಿದುಹೋಗಲು ದಾರಿಯೇ ಇಲ್ಲದಂತಾಯಿತು. ಮೊದಲು ಒಣಗಿದ್ದ ನೆಲ ಜೌಗಾಯಿತು. 1932ರ ಹೊತ್ತಿಗೆ ಅದೇ ದಂಡೆಯಲ್ಲಿ ತಾಮಕಿ ರಸ್ತೆಯೂ ಬಂತು. ಇಂದು ನಾವು ಭಾನುವಾರ ಐಸ್‌ಕ್ರೀಂ ತಿನ್ನಲು ಹೋಗುವ ಚಂದದ ರಸ್ತೆ ಅದೇ.

ಮುಂದೆ ನಗರದವರು ಬಂದು ನೋಡಿ, ಈ ಊರು ಕೊಳಕು, ಆರೋಗ್ಯಕ್ಕೆ ಅಪಾಯ ಎಂದರು. 1951-52ರಲ್ಲಿ ಕುಟುಂಬಗಳನ್ನು ಎಬ್ಬಿಸಿ, ಮನೆಗಳನ್ನು ಕೆಡವಿ ಬೆಂಕಿ ಇಟ್ಟರು. ಎಲಿಜಬೆತ್ ರಾಣಿಯವರ ಸವಾರಿ ಆಕ್ಲೆಂಡಿಗೆ ಬಂದದ್ದು 1953ರ ಡಿಸೆಂಬರಿನಲ್ಲಿ. ರಾಣಿಯವರ ಕಣ್ಣಿಗೆ ಬೀಳಬಾರದೆಂದೇ ಹೀಗೆ ಮಾಡಿದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕುಲಕ್ಕೆ ಉಳಿದದ್ದು ಕಾಲು ಎಕರೆ ಸ್ಮಶಾನ, ಅಂದರೆ ನಮ್ಮ ಮಕ್ಕಳ ಚೆಂಡು ಬಿದ್ದ ಜಾಗ. ಜನರನ್ನು ಗುಡ್ಡದ ಮೇಲಿನ ಸರ್ಕಾರಿ ಮನೆಗಳಿಗೆ ಬಾಡಿಗೆದಾರರನ್ನಾಗಿ ಕಳಿಸಿದರು. ಅದೇ ಗುಡ್ಡದ ತುದಿಯಲ್ಲಿ, ಬಡವರಿಗೆ ಸರ್ಕಾರಿ ಮನೆ ಕಟ್ಟಿಸುವ ಯೋಜನೆ ತಂದ ಪ್ರಧಾನಿ ಮೈಕೆಲ್ ಜೋಸೆಫ್ ಸ್ಯಾವೇಜ್‌ರ ಸಮಾಧಿಯಿದೆ. ನೆಂಟರು ಬಂದಾಗ ನಾವೆಲ್ಲ ಕರೆದುಕೊಂಡು ಹೋಗಿ ಫೋಟೋ ತೆಗೆಸುವುದು ಅಲ್ಲಿಯೇ.

ಇದನ್ನು ಓದುತ್ತಿದ್ದಾಗ ನಮಗೆ ಸವಣೂರು ನೆನಪಾಯಿತು. ಹಾವೇರಿ ಜಿಲ್ಲೆಯ ಸವಣೂರೆಂದರೆ ವೀಳ್ಯದೆಲೆ, ಖಾರ ಎಂದಷ್ಟೇ ತಿಳಿದವರು ಇನ್ನೊಂದನ್ನೂ ತಿಳಿದಿರಬೇಕು. ಊರಿನ ಕಕ್ಕಸು ಬಳಿದು ಮಲ ಹೊತ್ತು ದಶಕಗಳಿಂದ ಅಲ್ಲಿ ಬಾಳಿದ ಭಂಗಿ ಕುಟುಂಬಗಳನ್ನು, ಅವರಿದ್ದ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಲೆಂದು ಎಬ್ಬಿಸಲು ಪುರಸಭೆ ಹೊರಟಿತು. ಯಾವ ಮನವಿಗೂ ಕಿವಿಗೊಟ್ಟವರಿಲ್ಲ. 2010ರ ಜುಲೈನಲ್ಲಿ ಆ ಜನ ಪುರಸಭೆಯ ಕಚೇರಿಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ನಿಂತರು. ಆಗ ಮಾತ್ರ ನಾಡು ತಿರುಗಿ ನೋಡಿತು. ಅವರು ಹೊತ್ತದ್ದು ಊರಿನ ಹೊಲಸು, ಕೊಳಕರೆಂಬ ಹೆಸರು ಅವರಿಗೆ. ಕೇರಿಯನ್ನು ಊರಾಚೆ ಕಟ್ಟಿಸಿ, ಬಾವಿಗೆ ಬರಗೊಡದೆ, ಆಮೇಲೆ ಅಲ್ಲಿಯ ಜನಕ್ಕೆ ಶುಚಿಯಿಲ್ಲ ಎಂದ ಬುದ್ಧಿಯೂ ಓಕಾಹುವಿನ ಕೊಳವೆಯ ಬುದ್ಧಿಯೂ ಒಂದೇ ಅಲ್ಲವೇ? ಬಿಳಿಯರನ್ನಷ್ಟೇ ದೂರಿ ಕೂರಲು ನಮಗೆ ಬಾಯಿಲ್ಲ.

ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಕರ್ನಾಟಕದಲ್ಲಿ 1970ರ ದಶಕದಲ್ಲೇ ಆಜ್ಞೆ ಹೊರಡಿಸಿದವರು ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು. ಅವರೇ 1973ರಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂಬರ್ಥದ ಮಾತಾಡಿದರು. ಊರೂರಿನಲ್ಲಿ ಗಲಭೆಯೆದ್ದಿತು, ಮಂತ್ರಿಪದವಿ ಹೋಯಿತು. ಒಬ್ಬ ಮನುಷ್ಯ ಆಡಿದ ಮಾತಿಗೆ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ನಮಗೂ ಕೊಂಚ ಅಳುಕಾಗುತ್ತಿದೆ ಎಂಬುದೇ ಆ ಗಲಭೆ ಇನ್ನೂ ಪೂರ್ತಿ ಮುಗಿದಿಲ್ಲ ಎನ್ನುವುದಕ್ಕೆ ಗುರುತು.

ಓರಾಕೇಯಿಗೆ ಮರಳೋಣ. ಗುಡ್ಡದ ಮೇಲೆ ಉಳಿದಿದ್ದ ಖಾಲಿ ನೆಲದಲ್ಲಿ ಶ್ರೀಮಂತರಿಗೆ ಬೆಲೆಬಾಳುವ ಮನೆಗಳನ್ನು ಕಟ್ಟುವ ಯೋಜನೆಯನ್ನು 1976ರಲ್ಲಿ ಮಲ್ಡೂನರ ಸರ್ಕಾರ ಹೊರಗೆಡವಿತು. 1977ರ ಜನವರಿ 5ರಂದು ಜೋ ಹಾಕ್ ಎಂಬವರ ಮುಂದಾಳುತನದಲ್ಲಿ ಜನ ಬ್ಯಾಸ್ಟಿಯನ್ ಪಾಯಿಂಟ್ ಎಂಬ ಆ ಗುಡ್ಡ ಹತ್ತಿ ಡೇರೆ ಹಾಕಿದರು. ಈ ಹಾಕ್ ಅವರೇ ಅದೇ ವರ್ಷ ವೈತಾಂಗಿ ನ್ಯಾಯಮಂಡಳಿಯ ಮೊತ್ತಮೊದಲ ದೂರುದಾರರು. ಚಿಪ್ಪು ಹೆಕ್ಕಿದ್ದಕ್ಕೆ ಹೂಡಿದ ಮೊಕದ್ದಮೆಯ ಕುರಿತು ಅವರ ದೂರು. ಆಗ ಮಂಡಳಿಗೆ ಸ್ವಂತ ಕಟ್ಟಡವಿಲ್ಲದೆ, ವಿಚಾರಣೆ ದೊಡ್ಡ ಹೋಟೆಲೊಂದರ ನೃತ್ಯಶಾಲೆಯಲ್ಲಿ ನಡೆಯಿತಂತೆ. ದೂರು ಬಿದ್ದುಹೋಯಿತು.

ಗುಡ್ಡದ ಮೇಲೆ ಅವರು ಸಭಾಮಂದಿರ ಕಟ್ಟಿದರು, ತರಕಾರಿ ಬೆಳೆದರು. ಕಾರ್ಮಿಕ ಸಂಘದವರು ಅಲ್ಲಿ ಯಾವ ಕಟ್ಟಡದ ಕೆಲಸಕ್ಕೂ ಕೈಹಾಕುವುದಿಲ್ಲವೆಂದು ಘೋಷಿಸಿದರು. ಕುಲದ ಹಿರಿಯರಲ್ಲೇ ಅನೇಕರಿಗೆ ಇದು ಒಪ್ಪಿಗೆಯಿರಲಿಲ್ಲ. ಸರ್ಕಾರ ಕೊಟ್ಟಷ್ಟನ್ನು ಪಡೆದು ಸಮಾಧಾನದಿಂದಿರುವುದು ಮೇಲೆಂದು ಅವರ ಅಭಿಪ್ರಾಯ. ನಮ್ಮ ವನಭೋಜನದ ಹಿರಿಯರನ್ನು ನೆನೆದು ನಾವು ಇಲ್ಲಿ ಸ್ವಲ್ಪ ನಿಂತೆವು. ಅವರೂ ಹೇಡಿಗಳಲ್ಲ, ಪೆಟ್ಟು ತಿಂದು ತಿಂದು ಲೆಕ್ಕ ಕಲಿತವರು. ಗುಡ್ಡದ ಮೇಲೆ ಬೆಂಕಿ ಅನಾಹುತವಾಗಿ ಐದು ವರ್ಷದ ಹೆಣ್ಣುಮಗುವೊಂದು ತೀರಿಹೋಯಿತು. ಆದರೂ ಜನ ಇಳಿಯಲಿಲ್ಲ. 506 ದಿನಗಳಾದ ಮೇಲೆ, 1978ರ ಮೇ 25ರಂದು ಸೇನೆಯ ನೆರವಿನೊಡನೆ ನೂರಾರು ಪೊಲೀಸರು ಬಂದು 222 ಮಂದಿಯನ್ನು ದಸ್ತಗಿರಿ ಮಾಡಿ, ಕಟ್ಟಿದ್ದನ್ನೆಲ್ಲ ಉರುಳಿಸಿದರು.

ಅಷ್ಟಕ್ಕೆ ಸೋತಂತಾಯಿತೆಂದು ತೋರಿತ್ತು. ಆದರೆ 1840ರವರೆಗೆ ಹಿಂದಕ್ಕೆ ಹೋಗಿ ದೂರು ಕೇಳುವ ಅಧಿಕಾರ 1985ರಲ್ಲಿ ನ್ಯಾಯಮಂಡಳಿಗೆ ಬಂತು. 1987ರ ವರದಿ ಊರಿನವರ ಪರವಾಗಿ ನಿಂತಿತು, 1988ರಲ್ಲಿ ಸರ್ಕಾರ ಒಪ್ಪಿತು, 1991ರಲ್ಲಿ ಶಾಸನವಾಯಿತು. ಗುಡ್ಡದ ನೆಲ ಕುಲಕ್ಕೆ ಮರಳಿತು. ಆ ವಿಶಾಲವಾದ ಹುಲ್ಲುಗಾವಲಿನಲ್ಲಿ ಇಂದು ಯಾರು ಬೇಕಾದರೂ ಗಾಳಿಪಟ ಹಾರಿಸಬಹುದು. 2016ರಲ್ಲಿ ಕುಲದವರೇ ತಮ್ಮವರಿಗಾಗಿ 30 ಮನೆಗಳನ್ನು ಕಟ್ಟಿಕೊಂಡರು. ಜೋ ಹಾಕ್ ಮುಂದೆ ಪಾರ್ಲಿಮೆಂಟಿನ ಸದಸ್ಯರೂ ಆಗಿ 2022ರಲ್ಲಿ ತೀರಿಕೊಂಡರು.

ಈಗ ನಮ್ಮ ಸ್ವಂತದ ಒಂದು ಸಣ್ಣ ಸಂಗತಿ. ಓರಾಕೇಯಿಯ ಮುಂದೆ ಇದನ್ನು ಹೇಳಲೂ ನಾಚಿಕೆ, ಆದರೂ ಹೇಳುತ್ತೇವೆ. 2018ರ ಚಳಿಗಾಲದಲ್ಲಿ ನಾವಿದ್ದ ಬಾಡಿಗೆ ಮನೆಯ ದಕ್ಷಿಣದ ಗೋಡೆಗೆಲ್ಲ ಕಪ್ಪು ಬೂಷ್ಟು ಹತ್ತಿತು. ಮಗಳಿಗೆ ತಿಂಗಳುಗಟ್ಟಲೆ ಕೆಮ್ಮು. ಮನೆ ನೋಡಿಕೊಳ್ಳುವವರು ಬಂದು ಮೂಸಿ ನೋಡಿ, "ನೀವು ದಿನಾ ಅನ್ನ ಬೇಯಿಸುತ್ತೀರಿ, ಆವಿ ಜಾಸ್ತಿ, ಅದಕ್ಕೇ" ಎಂದು ಕಾಗದ ಬರೆದರು. ತೇವ ಅಳೆಯುವ ಉಪಕರಣವನ್ನು ಒಂದು ವಾರ ಇಟ್ಟು ನೋಡಿದೆವು. ಅಡಿಗೆಮನೆಯ ಗೋಡೆ ಒಣಗಿತ್ತು. ಒದ್ದೆಯಾಗುತ್ತಿದ್ದುದು ಮಳೆ ಬಂದ ದಿನ, ಮಾಡಿನ ದೋಣಿ ಒಡೆದು ಸೋರುತ್ತಿದ್ದ ಮೂಲೆಯಲ್ಲಿ. ಅಂಕಿಗಳನ್ನೆಲ್ಲ ಅಂದವಾಗಿ ಬರೆದು, ಗ್ರಾಫು ಎಳೆದು, ಲಕೋಟೆಯಲ್ಲಿಟ್ಟೆವು. ಅಂಚೆಗೆ ಹಾಕಲಿಲ್ಲ. ವೀಸಾ ಅರ್ಜಿ ಇತ್ಯರ್ಥವಾಗಿರಲಿಲ್ಲ, ಮುಂದಿನ ಮನೆಗೆ ಇವರ ಶಿಫಾರಸು ಬೇಕಿತ್ತು. "ಸುಮ್ಮನಿರೋಣ" ಎಂದವರು ನಾವೇ, ನಮ್ಮಾಕೆಯಲ್ಲ. ಬಿಟ್ಟು ಹೋಗುವಾಗ ಬೂಷ್ಟು ತೊಳೆದ ಖರ್ಚೆಂದು ಠೇವಣಿಯಲ್ಲಿ ಹಣವನ್ನೂ ಹಿಡಿದುಕೊಂಡರು. ಮುಂದಿನ ಬಾಡಿಗೆದಾರರಿಗೂ ಮಕ್ಕಳಿದ್ದರು.

ಮನೆಯನ್ನು ದುರಸ್ತಿಯಲ್ಲಿಡುವುದು ಮಾಲೀಕರ ಹೊಣೆಯೆಂದು 1986ರ ಬಾಡಿಗೆ ಕಾಯಿದೆಯಲ್ಲಿ ಆಗಲೂ ಇತ್ತು. ಅನಂತರ ಬಂದ ಆರೋಗ್ಯಕರ ಮನೆಗಳ ನಿಯಮಗಳ ಪ್ರಕಾರ ಹಜಾರವನ್ನು 18 ಡಿಗ್ರಿಗೆ ಬಿಸಿ ಮಾಡುವ ವ್ಯವಸ್ಥೆ, ಅಡಿಗೆಮನೆಯ ಹೊಗೆ ಹೊರಹಾಕುವ ಫ್ಯಾನು, ಮಳೆನೀರು ಹರಿದುಹೋಗುವ ಏರ್ಪಾಡು ಇವೆಲ್ಲ ಇರಲೇಬೇಕು. 2025ರ ಜುಲೈ 1ರಿಂದ ಎಲ್ಲ ಖಾಸಗಿ ಬಾಡಿಗೆ ಮನೆಗಳಿಗೂ ಇದು ಅನ್ವಯ. ಬಾಡಿಗೆಯನ್ನು ಹನ್ನೆರಡು ತಿಂಗಳಿಗೊಮ್ಮೆ ಮಾತ್ರ ಏರಿಸಬಹುದು. ಕಾರಣ ಹೇಳದೆ 90 ದಿನಗಳ ನೋಟೀಸು ಕೊಡುವ ಪದ್ಧತಿಯನ್ನು 2021ರಲ್ಲಿ ತೆಗೆದುಹಾಕಿದ್ದರು, 2025ರ ಜನವರಿಯಿಂದ ಅದು ಮರಳಿ ಬಂದಿದೆ. ಇದು ನಮ್ಮಂಥವರ ಬಾಯಿ ಕಟ್ಟುವಂಥದ್ದೆಂದೇ ನಮ್ಮ ಅಭಿಪ್ರಾಯ. ಆದರೆ ದೂರು ಕೊಟ್ಟರೆಂಬ ಸೇಡಿಗೆ ನೋಟೀಸು ಕೊಡುವುದು ಇಂದಿಗೂ ಕಾನೂನಿಗೆ ವಿರುದ್ಧ, ಬಾಡಿಗೆ ನ್ಯಾಯಮಂಡಳಿ ಅದನ್ನು ರದ್ದು ಮಾಡಬಲ್ಲದು. ಮಂಡಳಿಗೆ ಹೋಗಲು ವಕೀಲರು ಬೇಕಿಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಹಿಂಜರಿಯುವ ಹೊಸಬರು ಯಾರಾದರೂ ಇದ್ದರೆ ಕಾರ್ಯದರ್ಶಿಗಳ ಮೂಲಕ ನಮಗೆ ತಿಳಿಸಲಿ, ಕೂತು ಬರೆದುಕೊಡುತ್ತೇವೆ. ತೇವ ಅಳೆಯುವ ಉಪಕರಣವೂ ನಮ್ಮಲ್ಲಿದೆ.

ಮುಂದಿನ ವನಭೋಜನವೂ ಓಕಾಹು ಕೊಲ್ಲಿಯಲ್ಲೇ ಎಂದು ಸಮಿತಿ ತೀರ್ಮಾನಿಸಿದೆ. ಊಟಕ್ಕೆ ಮುಂಚೆ, ಬರುವವರೆಲ್ಲ ಗುಡ್ಡದ ಮೇಲಕ್ಕೆ ನಡೆದುಹೋಗುವುದೆಂದು ನಮ್ಮ ಸೂಚನೆ. ಹಿರಿಯರು ತಾವೂ ಬರುತ್ತೇನೆಂದಿದ್ದಾರೆ, ಮಂಡಿನೋವಿನ ಕಾರಣ ಅವರನ್ನು ಕಾರಿನಲ್ಲಿ ಕರೆದೊಯ್ಯುವವರು ಬೇಕಾಗಿದ್ದಾರೆ. ಸ್ಮಶಾನದ ಹತ್ತಿರ ಚೆಂಡಾಟ ಬೇಡ. ಇನ್ನೊಂದು ಮಾತು: ಜೋರು ಮಳೆ ಬಂದರೆ ಆಕ್ಲೆಂಡಿನ ಹಳೆಯ ಚರಂಡಿಗಳು ಈಗಲೂ ಉಕ್ಕಿ ಸಮುದ್ರಕ್ಕೆ ಸೇರುತ್ತವೆ. ಹಿಂದಿನ ಎರಡು ದಿನ ಮಳೆ ಬಿದ್ದಿದ್ದರೆ ಮಕ್ಕಳನ್ನು ನೀರಿಗೆ ಇಳಿಸಬೇಡಿ.