ಹಳೆಯ ಕಾರು ಕೊಳ್ಳುವ ಮುನ್ನ: ಆಲ್ಟೊ 800 ಲೇಸೋ, ವ್ಯಾಗನ್ ಆರ್ ಲೇಸೋ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಕಾರು ಕೊಳ್ಳುವವರಿಗೂ ಒಪ್ಪುತ್ತದೆ. ಹೊಸ ಕಾರಿಗಾಗಿ ಸಾಲಕ್ಕೆ ಸಿಲುಕುವ ಬದಲು ಕೈಯಲ್ಲಿರುವ ಹಣದಲ್ಲಿ ಹಳೆಯದೊಂದನ್ನು ಕೊಳ್ಳುವುದು ವಿವೇಕದ ಮಾರ್ಗವೇ ಸರಿ. ಆದರೆ ಯಾವುದನ್ನು ಕೊಳ್ಳಬೇಕು?

ತಾಂಡ್ಯದ ಒಂದು ಸಾಧಾರಣ ಕುಟುಂಬವನ್ನು ಕಣ್ಣಮುಂದೆ ತಂದುಕೊಳ್ಳೋಣ. ಮನೆಯಲ್ಲಿ ಐವರು; ಅವರಲ್ಲಿ ಇಬ್ಬರು ವೃದ್ಧರು. ಕೈಗಾರಿಕಾ ಪ್ರದೇಶದ ಕೆಲಸ, ನಂಜನಗೂಡಿನ ಪೇಟೆ, ಮೈಸೂರಿನ ಆಸ್ಪತ್ರೆ, ತಿ. ನರಸೀಪುರದ ನೆಂಟರ ಮನೆ, ಸುತ್ತೂರು ಜಾತ್ರೆ, ಒಮ್ಮೊಮ್ಮೆ ಮಲೆ ಮಹದೇಶ್ವರ ಬೆಟ್ಟ: ಇವು ಅವರ ಪ್ರಯಾಣಗಳು. ಇಂತಹವರ ಮುಂದೆ ಸಾಮಾನ್ಯವಾಗಿ ಬರುವ ಎರಡು ಕಾರುಗಳೆಂದರೆ ಮಾರುತಿ ಸುಜುಕಿಯ ಆಲ್ಟೊ 800 ಹಾಗೂ 2010ರಿಂದ 2019ರ ಆರಂಭದವರೆಗೆ ಮಾರಾಟದಲ್ಲಿದ್ದ ವ್ಯಾಗನ್ ಆರ್. ಆಲ್ಟೊ 800 ಮಾರುಕಟ್ಟೆಗೆ ಬಂದುದು 2012ರಲ್ಲಿ. ಅದರ ತಯಾರಿಕೆ 2023ರಲ್ಲಿ ನಿಂತಿತು.

ಎಂಜಿನ್ನಿನ ಶಕ್ತಿ

ಆಲ್ಟೊ 800ರ ಎಂಜಿನ್ 796 ಸಿ.ಸಿ., ಶಕ್ತಿ 48 ಪಿ.ಎಸ್., ಟಾರ್ಕ್ 69 ನ್ಯೂಟನ್ ಮೀಟರ್. ವ್ಯಾಗನ್ ಆರ್‌ನದು 998 ಸಿ.ಸಿ., 68 ಪಿ.ಎಸ್., 90 ನ್ಯೂಟನ್ ಮೀಟರ್. ಎರಡಕ್ಕೂ ಮೂರು ಸಿಲಿಂಡರುಗಳು. ಕಾರಿನ ತೂಕ ಕ್ರಮವಾಗಿ ಸುಮಾರು 720 ಮತ್ತು 880 ಕಿಲೊ. ಐವರು ಮತ್ತು ಅವರ ಸಾಮಾನು ಸೇರಿ 320 ಕಿಲೊ ಎಂದಿಟ್ಟುಕೊಂಡರೆ, ಒಂದು ಟನ್ ಭಾರಕ್ಕೆ ಆಲ್ಟೊದಲ್ಲಿ 46 ಪಿ.ಎಸ್., ವ್ಯಾಗನ್ ಆರ್‌ನಲ್ಲಿ ಸುಮಾರು 57 ಪಿ.ಎಸ್. ದೊರೆಯುತ್ತದೆ. ಒಬ್ಬರೇ ಹೋಗುವಾಗ ಈ ಅಂತರ ಅಷ್ಟಾಗಿ ತೋರದು. ತುಂಬಿದ ಕಾರಿನಲ್ಲಿ ಬೆಟ್ಟದ ಘಾಟಿ ಏರುವಾಗ, ಊಟಿ ರಸ್ತೆಯಲ್ಲಿ ಕಬ್ಬಿನ ಲಾರಿಯನ್ನು ಹಿಂದೆ ಹಾಕುವಾಗ ಇದರ ಬೆಲೆ ತಿಳಿಯುತ್ತದೆ.

ಪೆಟ್ರೋಲು ಮತ್ತು ಅನುಕೂಲ

ಪ್ರಮಾಣೀಕೃತ ಪರೀಕ್ಷೆಯಲ್ಲಿ ಆರಂಭದ ಆಲ್ಟೊ 800 ಲೀಟರಿಗೆ 22.74 ಕಿ.ಮೀ. ನೀಡಿದರೆ, ಅಂದಿನ ವ್ಯಾಗನ್ ಆರ್ 20.51 ಕಿ.ಮೀ. ನೀಡಿತು. ನಿತ್ಯದ ಓಡಾಟದಲ್ಲಿ ಎರಡೂ ಇದಕ್ಕಿಂತ ಕಡಿಮೆಯೇ ಕೊಡುತ್ತವೆ. ಆ ಲೆಕ್ಕದಂತೆ ತಿಂಗಳಿಗೆ 500 ಕಿ.ಮೀ. ಓಡಿಸಿದರೂ ವ್ಯತ್ಯಾಸ ಎರಡೂವರೆ ಲೀಟರನ್ನು ಮೀರದು. ಇನ್ನು ಎತ್ತರ: ಆಲ್ಟೊ 1,475 ಮಿ.ಮೀ., ವ್ಯಾಗನ್ ಆರ್ ಸುಮಾರು 1,700 ಮಿ.ಮೀ. ಮಂಡಿನೋವಿನ ತಾಯಿಯವರು ತಲೆ ತಗ್ಗಿಸದೆ, ಕೆಳಕ್ಕೆ ಕುಸಿಯದೆ ಕುಳಿತು ಏಳುವುದು ಎರಡನೆಯದರಲ್ಲಿ ಸುಲಭ.

ಸುರಕ್ಷತೆ

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವನ್ನೂ ಗಳಿಸಲಿಲ್ಲ. ಆ ಕಾಲದ ವ್ಯಾಗನ್ ಆರ್‌ನಲ್ಲಿಯೂ ಎಲ್ಲ ಮಾದರಿಗಳಿಗೆ ಏರ್‌ಬ್ಯಾಗ್ ಇರಲಿಲ್ಲ. ಯಾವುದನ್ನೇ ಕೊಳ್ಳಿ, ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಇರುವುದನ್ನು ಅರಸಿ, ಹಿಂದೆ ಕುಳಿತವರೂ ಸೀಟ್ ಬೆಲ್ಟ್ ಧರಿಸಲಿ.

ಕಾಗದಪತ್ರ, ಪರೀಕ್ಷೆ

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. 2014ರಲ್ಲಿ ನೋಂದಣಿಯಾದುದಕ್ಕೆ 2029ರಲ್ಲಿ ತಪಾಸಣೆ ಮಾಡಿಸಿ ನವೀಕರಿಸಬೇಕಾಗುತ್ತದೆ. ಆರ್.ಸಿ.ಯಲ್ಲಿರುವ ಎಂಜಿನ್, ಚಾಸಿಸ್ ಸಂಖ್ಯೆಗಳನ್ನು ಕಾರಿನೊಡನೆ ಹೋಲಿಸಿ ನೋಡಿ. ಸಾಲದ ನಮೂದಿದ್ದರೆ ಬ್ಯಾಂಕಿನ ಪತ್ರವೂ ನಮೂನೆ 35ೂ ಬೇಕು. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಕೋರಿಕೆ ಸಲ್ಲಿಸಿ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಯಲ್ಲಿ ಕರೆದೊಯ್ಯಿರಿ.

ಹಾಗಾದರೆ ತೀರ್ಮಾನವೇನು? ಒಬ್ಬಿಬ್ಬರ ನಿತ್ಯದ ಓಡಾಟಕ್ಕೆ ಆಲ್ಟೊ 800 ಸಾಕು. ಹಿರಿಯರೊಡನೆ ಐವರು ಸಾಗುವ ಮನೆಗೆ ವ್ಯಾಗನ್ ಆರ್ ತಕ್ಕುದು. ಆದರೆ ಒಬ್ಬರ ಕೈಯಲ್ಲಿ ಚೆನ್ನಾಗಿ ಬಾಳಿದ ಆಲ್ಟೊ, ಡಿಕ್ಕಿ ಹೊಡೆದು ಬಣ್ಣ ಬಳಿಸಿಕೊಂಡ ವ್ಯಾಗನ್ ಆರ್‌ಗಿಂತ ನೂರು ಪಾಲು ಮೇಲು. ಅಂಕಿಗಳು ತಯಾರಾದ ದಿನದ ಕಾರಿನವು. ನೀವು ಕೊಳ್ಳುವುದು ಇಂದಿನ ಕಾರನ್ನು ಎಂಬುದು ನೆನಪಿರಲಿ.