ಮಂಕಾದ ದೀಪ

ಹಳೆಯ ವಸ್ತುವೊಂದನ್ನು ಮತ್ತೆ ಬಳಕೆಗೆ ತರುವ ಕೆಲಸದಲ್ಲಿ ಒಂದು ವಿಶೇಷವಾದ ಸಂತೋಷವುಂಟು. ತಂತಿ ಹರಿದ ವೀಣೆಯನ್ನು ಮತ್ತೆ ನುಡಿಸುವವನಿಗೂ ತುಕ್ಕು ಹಿಡಿದ ಕಾರನ್ನು ಮತ್ತೆ ಓಡಿಸುವವನಿಗೂ ಆ ಸಂತೋಷ ಒಂದೇ. ಆದರೆ ಹೊರಗಿನ ಹೊಳಪು ಬಂದ ಮಾತ್ರಕ್ಕೆ ಒಳಗಿನ ದೋಷ ನೀಗಿತೆಂದು ತಿಳಿಯಲಾಗದು. ಈ ಮಾತನ್ನು ನನಗೆ ಮನಗಾಣಿಸಿದ್ದು ಒಂದು ಕಾರಿನ ದೀಪ.

ಮೈಸೂರಿನಲ್ಲಿ ನಮ್ಮ ನೆರೆಮನೆಯ ತರುಣನ ಬಳಿ ಅವನ ತಂದೆಯ ಕಾಲದ ಅಂಬಾಸಿಡರ್ ಕಾರೊಂದಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಈ ಕಾರು, 1950ರ ದಶಕದ ಕೊನೆಯ ಭಾಗದಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಮಂತ್ರಿಗಳ ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಕಾರೇ ಬಾಡಿಗೆ ಕಾರುಗಳ ಸಾಲಿನಲ್ಲಿಯೂ ನಿಲ್ಲುತ್ತಿದ್ದುದು ಅದರ ಹೆಗ್ಗಳಿಕೆ. ತರುಣನ ತಂದೆ ಅದನ್ನು ಬಾಡಿಗೆಗೆ ಓಡಿಸಿಯೇ ಸಂಸಾರವನ್ನು ಸಾಗಿಸಿದ್ದರು. ಅವರು ತೀರಿಕೊಂಡ ಮೇಲೆ ಅನೇಕ ವರ್ಷ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಕಾರನ್ನು ಮಗನು ತನ್ನ ಉಳಿತಾಯವನ್ನೆಲ್ಲ ಸುರಿದು ದುರಸ್ತಿ ಮಾಡಿಸಿದನು. ಎಂಜಿನ್ ನಡೆಯಿತು, ಮೈಗೆ ಹೊಸ ಬಣ್ಣ ಬಂದಿತು.

ಮೊದಲ ಪಯಣ ತಾಯಿಯೊಡನೆ ನಂಜನಗೂಡಿಗೆ. ಹಿಂದಿರುಗುವಾಗ ಕತ್ತಲಾಯಿತು. ಎಡಗಡೆಯ ಹೆಡ್‌ಲೈಟು ಹರಳೆಣ್ಣೆಯ ಹಣತೆಯಂತೆ ಮಿಣುಕುತ್ತಿತ್ತು. ರಸ್ತೆಯ ಎಡಬದಿಯಲ್ಲಿ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಅವನ ಕಣ್ಣಿಗೆ ಬಿದ್ದುದು ಕೆಲವೇ ಮಾರುಗಳ ದೂರದಲ್ಲಿ! ಬ್ರೇಕು ಹಿಡಿದ ಕಾರಣ ಅನಾಹುತ ತಪ್ಪಿತು. ಆದರೆ ತಾಯಿ ಮರುದಿನವೇ, “ದೀಪ ಸರಿಯಾಗುವವರೆಗೆ ನಾನು ಈ ಕಾರು ಹತ್ತುವುದಿಲ್ಲ ಮಗು” ಎಂದುಬಿಟ್ಟರು.

ತರುಣನು ಬಲ್ಬನ್ನು ಬದಲಾಯಿಸಿದನು, ಫಲವಾಗಲಿಲ್ಲ. ಹೊಸ ಬ್ಯಾಟರಿಯನ್ನು ತಂದನು. ಆಗಲೂ ದೀಪ ಮಂಕೇ. ಕಾರಿನ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಬೇಕೆಂದು ಯಾರೋ ಸಲಹೆ ಕೊಟ್ಟರು. ಅಷ್ಟು ಹಣ ಅವನಲ್ಲಿ ಉಳಿದಿರಲಿಲ್ಲ. ಚಿಂತೆಯಿಂದ ನನ್ನ ಬಳಿಗೆ ಬಂದಾಗ, ನನಗೆ ಪರಿಚಿತರಾಗಿದ್ದ ಒಬ್ಬ ವೃದ್ಧ ಎಲೆಕ್ಟ್ರೀಷಿಯನ್ನರನ್ನು ಕರೆತಂದೆನು.

ಅವರು ಸಾಮಾನಿನ ಚೀಲವನ್ನು ಬಿಚ್ಚಲಿಲ್ಲ. ಮೊದಲು ಪ್ರಶ್ನೆ ಕೇಳಿದರು.

“ಎರಡು ದೀಪವೂ ಮಂಕೋ, ಒಂದೇ ಮಂಕೋ?”

“ಎಡಗಡೆಯದು ಮಾತ್ರ.”

“ಹಾಗಾದರೆ ಬ್ಯಾಟರಿಯ ತಪ್ಪಲ್ಲ. ಬ್ಯಾಟರಿ ಸೋತಿದ್ದರೆ ಎರಡೂ ಸೋಲಬೇಕಿತ್ತು. ಈಗ ಎಡಕ್ಕೆ ತಿರುಗುವ ಸೂಚನೆಯ ದೀಪವನ್ನು ಹಾಕಪ್ಪಾ.”

ಸೂಚನೆಯ ದೀಪ ಮಿನುಗತೊಡಗಿತು. ಅದು ಹೊತ್ತಿದಾಗಲೆಲ್ಲ ಪಕ್ಕದ ಹೆಡ್‌ಲೈಟು ಇನ್ನಷ್ಟು ಕುಗ್ಗುತ್ತಿತ್ತು. ಆರಿದಾಗ ತುಸು ಚೇತರಿಸಿಕೊಳ್ಳುತ್ತಿತ್ತು. ವೃದ್ಧರು ನಕ್ಕು, “ಮೇಷ್ಟ್ರೇ, ಇದಕ್ಕೆ ಅರ್ಥ್ ಇಲ್ಲ” ಎಂದರು.

ಜೀವಮಾನವೆಲ್ಲ ಪದ್ಯಗಳ ಅರ್ಥ ಹೇಳಿದ ನನಗೆ ಆ ಮಾತಿನ ಅರ್ಥವೇ ಆಗಲಿಲ್ಲ! ಅವರು ಹೇಳಿದ್ದು ‘ಅರ್ಥ’ವನ್ನಲ್ಲ, ‘ಅರ್ಥ್’ ಎಂಬ ಭೂಸಂಪರ್ಕವನ್ನು.

ವಿದ್ಯುತ್ತು ಹೋದ ದಾರಿಯಿಂದ ಹಿಂದಿರುಗಿ ಬರಲೇಬೇಕು. ಇದು ಅದರ ಸ್ವಭಾವ. ಬ್ಯಾಟರಿಯಿಂದ ಸ್ವಿಚ್ಚಿನ ಮೂಲಕ ಬಲ್ಬಿಗೆ, ಬಲ್ಬಿನಿಂದ ಮರಳಿ ಬ್ಯಾಟರಿಗೆ. ಈ ಸುತ್ತಿಗೆ ವಿದ್ಯುನ್ಮಂಡಲವೆಂದು ಹೆಸರು. ಮನೆಯಲ್ಲಿ ಹೋಗಲು ಒಂದು ತಂತಿ, ಬರಲು ಇನ್ನೊಂದು ತಂತಿ ಇರುತ್ತದೆ. ಕಾರಿನಲ್ಲಿ ಹಾಗಲ್ಲ. ಹೋಗಲು ಮಾತ್ರ ಉದ್ದನೆಯ ತಂತಿ. ಮರಳಿ ಬರಲು ಕಾರಿನ ಕಬ್ಬಿಣದ ಮೈಯೇ ದಾರಿ. ಬಲ್ಬಿನ ಹಿಡಿಕೆಯಿಂದ ಹೊರಟ ಗಿಡ್ಡ ತಂತಿಯೊಂದನ್ನು ಹತ್ತಿರದ ತಗಡಿಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಈ ಸಂಪರ್ಕವು ನೆಲವನ್ನು ಮುಟ್ಟದಿದ್ದರೂ ರೂಢಿಯಲ್ಲಿ ಅದಕ್ಕೆ ‘ಅರ್ಥ್’ ಎಂದೇ ಹೆಸರು.

ಎಡಗಡೆಯ ಹೆಡ್‌ಲೈಟು ಮತ್ತು ಸೂಚನೆಯ ದೀಪ ಎರಡಕ್ಕೂ ಆ ಕಾರಿನಲ್ಲಿ ಒಂದೇ ಬೋಲ್ಟು ಇತ್ತು. ಇಕ್ಕಟ್ಟಾದ ಬಾಗಿಲಿನಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದರೆ ಇಬ್ಬರಿಗೂ ತಡೆಯಾಗುವುದಷ್ಟೆ? ಅಂತೆಯೇ ಒಂದು ದೀಪ ಹೊತ್ತಿದಾಗ ಇನ್ನೊಂದು ಕುಗ್ಗುತ್ತಿತ್ತು. ಬಾಗಿಲು ಅಗಲವಾಗಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಆದರೆ ವೃದ್ಧರು ಊಹೆಯನ್ನೇ ನಂಬಿ ಕೂಡಲಿಲ್ಲ, ಪರೀಕ್ಷಿಸಿ ನೋಡಿದರು. ಹೆಡ್‌ಲೈಟುಗಳು ಉರಿಯುತ್ತಿರುವಾಗ ವೋಲ್ಟ್‌ಮೀಟರಿನ ಒಂದು ತುದಿಯನ್ನು, ಕಾರಿನ ಮೈಗೆ ಸೇರಿದ ಬ್ಯಾಟರಿಯ ಧ್ರುವಕ್ಕೂ ಇನ್ನೊಂದನ್ನು ಬಲದೀಪದ ಲೋಹದ ಹಿಡಿಕೆಗೂ ಮುಟ್ಟಿಸಿದರು. ಮುಳ್ಳು ಅಲುಗಲಿಲ್ಲ, ಅಲ್ಲಿ ದಾರಿ ನಿರಾತಂಕವಾಗಿತ್ತು. ಎಡದೀಪದಲ್ಲಿ ಮುಳ್ಳು 2.4 ವೋಲ್ಟನ್ನು ತೋರಿಸಿತು. ದೀಪಕ್ಕೆ ಸಲ್ಲಬೇಕಾದ 12 ವೋಲ್ಟಿನಲ್ಲಿ ಅಷ್ಟು ಭಾಗ ಹಿಂದಿರುಗುವ ದಾರಿಯಲ್ಲಿಯೇ ಸೋರಿಹೋಗುತ್ತಿತ್ತು.

ಇಲ್ಲಿ ಜರ್ಮನಿಯ ವಿಜ್ಞಾನಿ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮ ನೆರವಿಗೆ ಬರುತ್ತದೆ. ವೋಲ್ಟನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ಪ್ರವಾಹ ದೊರೆಯುತ್ತದೆ. 12 ವೋಲ್ಟಿನಲ್ಲಿ 60 ವಾಟಿನ ದೀಪಕ್ಕೆ 5 ಆಂಪಿಯರ್ ಪ್ರವಾಹ ಬೇಕು. ಅದರ ರೋಧ 2.4 ಓಮ್. ದಾರಿಯಲ್ಲಿ 0.6 ಓಮ್‌ನಷ್ಟು ಅಲ್ಪ ರೋಧ ಸೇರಿತೆಂದುಕೊಳ್ಳೋಣ. ದೀಪದ ತಂತುವಿನ ರೋಧ ಬದಲಾಗದೆಂದು ಲೆಕ್ಕದ ಸೌಕರ್ಯಕ್ಕಾಗಿ ಎಣಿಸಿದರೆ, ಒಟ್ಟು ರೋಧ 3 ಓಮ್. ಪ್ರವಾಹ 4 ಆಂಪಿಯರಿಗೆ ಇಳಿಯುತ್ತದೆ. ದೀಪಕ್ಕೆ ಸಿಗುವುದು 9.6 ವೋಲ್ಟ್, ಅದರ ಶಕ್ತಿ 38.4 ವಾಟ್ ಮಾತ್ರ. ಬೆಳಕಾದರೋ ಇದಕ್ಕಿಂತಲೂ ಹೆಚ್ಚಾಗಿ ಇಳಿಯುತ್ತದೆ. ತಂತುವಿನ ಕಾವು ತಗ್ಗಿದಂತೆ ಅದರ ಬೆಳ್ಪು ಕೆಂಪಿಗೆ ತಿರುಗುವುದರಿಂದ, ವೋಲ್ಟಿನ ಐದನೆಯ ಒಂದು ಭಾಗ ಕಳೆದರೆ ಬೆಳಕಿನ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಎತ್ತಿನ ಗಾಡಿ ಕಾಣದೆ ಹೋದುದು ಇದರಿಂದಲೇ.

ಈ ರೋಧ ಎಲ್ಲಿ ಅಡಗಿತ್ತು? ವೃದ್ಧರು ಮೀಟರಿನ ತುದಿಯನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿದರು. ಗಿಡ್ಡ ತಂತಿಯ ತುದಿಯ ಬಳೆಯಲ್ಲಿ 2.4 ವೋಲ್ಟು, ಅದರ ಪಕ್ಕದಲ್ಲಿಯೇ ಬಣ್ಣವನ್ನು ತುಸು ಕೆರೆದು ತಗಡನ್ನು ಮುಟ್ಟಿದರೆ ಸೊನ್ನೆ. ಅಂದಮೇಲೆ ಕಳ್ಳ ಸಿಕ್ಕಿದಂತಾಯಿತು. ಬಳೆಗೂ ತಗಡಿಗೂ ನಡುವೆ ಇದ್ದುದು ಏನು? ತರುಣನು ಅಕ್ಕರೆಯಿಂದ ಬಳಿಸಿದ ಹೊಸ ಬಣ್ಣ! ಬಣ್ಣದೊಳಗಿಂದ ವಿದ್ಯುತ್ತು ಹರಿಯದು. ಬೋಲ್ಟಿನ ಮರೆಗಳು ಅಲ್ಲಲ್ಲಿ ಲೋಹವನ್ನು ಸೋಕಿದ್ದರಿಂದ ದೀಪ ಪೂರ್ತಿ ಆರದೆ ಮಿಣುಕುತ್ತಿತ್ತು.

ದುರಸ್ತಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಿದರು. ಇದನ್ನು ಮರೆತು ತಂತಿಗೆ ಕೈಹಾಕಬಾರದು. ಬೋಲ್ಟನ್ನು ಬಿಚ್ಚಿ, ಬಳೆ ಕೂರುವಷ್ಟು ಜಾಗದಲ್ಲಿ ಬಣ್ಣವನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿದರು. ಬಳೆಯನ್ನೂ ಉಜ್ಜಿ ಬಿಗಿದರು. ತೇವ ತಾಗಿ ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದರು. ಸ್ವಿಚ್ಚು ಹಾಕಿದಾಗ ಎದುರಿನ ಗೋಡೆಯ ಮೇಲೆ ಎರಡು ಬೆಳಕಿನ ಚಂದ್ರಗಳು ಸಮನಾಗಿ ಮೂಡಿದವು.

ಅಂದು ಅವರು ಹೇಳಿದ ಇನ್ನೂ ಕೆಲವು ಮಾತುಗಳು ನೆನಪಿಡತಕ್ಕವು. ಒಂದು ದೀಪ ಮಾತ್ರ ಪೂರ್ತಿ ಆರಿದ್ದರೆ ಮೊದಲು ಅದರ ಬಲ್ಬನ್ನು ನೋಡಬೇಕು. ಹಲವು ದೀಪಗಳು ಒಟ್ಟಿಗೆ ಆರಿದ್ದರೆ ಅವೆಲ್ಲಕ್ಕೂ ಸಾಮಾನ್ಯವಾದ ಸ್ವಿಚ್ಚನ್ನೋ ಫ್ಯೂಸನ್ನೋ ತಂತಿಯನ್ನೋ ಹುಡುಕಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ತಂತಿಯ ಬಣ್ಣವೇ ದಾರಿ ತೋರಿಸುತ್ತದೆ: ಬ್ಯಾಟರಿಯಿಂದ ಬರುವುದು ಕಂದು, ಹೆಡ್‌ಲೈಟಿನದು ನೀಲಿ, ಹಿಂದಿನ ಕೆಂಪುದೀಪದ್ದು ಕೆಂಪು, ಅರ್ಥಿನದು ಕಪ್ಪು. ಫ್ಯೂಸು ಸುಟ್ಟರೆ ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನಾಗಲಿ ಸಿಗರೇಟು ಪೆಟ್ಟಿಗೆಯ ಬೇಗಡೆಯನ್ನಾಗಲಿ ಎಂದಿಗೂ ಇಡಬಾರದು. ಫ್ಯೂಸು ತಾನು ಸುಟ್ಟು ಕಾರನ್ನು ಉಳಿಸುವ ಕಾವಲುಗಾರ. ಅವನನ್ನು ಹೊರಗಟ್ಟಿದರೆ ಬೆಂಕಿಗೆ ಬಾಗಿಲು ತೆರೆದಂತೆ.

ಹೊರಡುವಾಗ ತರುಣನು ಹಣದ ಮಾತೆತ್ತಿದನು. ವೃದ್ಧರು ಕೈಯೊರಸಿಕೊಳ್ಳುತ್ತ, “ಎರಡು ರೂಪಾಯಿಯ ಸಾಮಾನೂ ಖರ್ಚಾಗಲಿಲ್ಲವಲ್ಲಪ್ಪಾ. ಇನ್ನು ಮುಂದೆ ಬದಲಾಯಿಸುವ ಮೊದಲು ಕೇಳು, ಕೇಳುವ ಮೊದಲು ನೋಡು” ಎಂದರು.

ಮುಂದಿನ ಸೋಮವಾರ ಸಂಜೆ ಆ ಕಾರು ನಮ್ಮ ಮನೆಯ ಮುಂದೆ ಹಾದು ನಂಜನಗೂಡಿನ ಕಡೆಗೆ ಹೊರಟಿತು. ಮುಂದಿನ ಆಸನದಲ್ಲಿ ತಾಯಿ ಕುಳಿತಿದ್ದರು. ಕತ್ತಲಾಗಲು ಇನ್ನೂ ಹೊತ್ತಿತ್ತು. ಆದರೂ ತರುಣನು ಎರಡು ದೀಪಗಳನ್ನೂ ಹೊತ್ತಿಸಿಯೇ ಇದ್ದನು.